ಪರದೆ ಕಾಯುವ ಕಸುಬು

ನನಗೊಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳಿಗ್ಗೆ ಊರಿಗಾಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದವಳೇ, ಊಟದ ಚೀಲ ಕೆಳಗಿಡುವ ಮೊದಲೇ ಕಪ್ಪು ಪರದೆಯೊಂದನ್ನು ತೆರೆದು ‘ಟಾಪ್’ ಎಂದು ಕುಟ್ಟುತ್ತೇನೆ. ಇಂಗ್ಲಿಷಿನ ಮೂರೇ ಅಕ್ಷರ. ಯಂತ್ರದೊಳಗೆ ಯಾವ ಯಾವ ಕೆಲಸ ನಡೆಯುತ್ತಿದೆ, ಯಾವುದು ಎಷ್ಟು ಪ್ರೊಸೆಸರ್ ತಿನ್ನುತ್ತಿದೆ, ಯಾವುದು ತೂಕಡಿಸುತ್ತಿದೆ ಎಂಬುದೆಲ್ಲ ಸಾಲುಸಾಲಾಗಿ ಮೂಡುತ್ತದೆ. ಹೆಚ್ಚು ತಿನ್ನುವವರು ಪಂಕ್ತಿಯ ತಲೆಯಲ್ಲಿ. ಮದುವೆ ಮನೆಯಲ್ಲೂ ಹಾಗೇ ತಾನೆ?

ಹೊಸದರಲ್ಲಿ ಈ ಚಟ ಅತಿಯಾಗಿ, ಐದು ಕಡೆ ಐದು ಟಾಪ್ ತೆರೆದಿಟ್ಟು ಕೂತಿದ್ದೆ. ಯಂತ್ರ ಏಕೋ ಸುಸ್ತಾಗಿದೆಯಲ್ಲ ಎಂದು ನೋಡಿದರೆ, ಪಟ್ಟಿಯ ಮೇಲ್ಸಾಲುಗಳಲ್ಲಿ ನನ್ನ ಟಾಪುಗಳೇ ಇದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಂದಿನಿಂದ ಒಂದೇ ತೆರೆಯುತ್ತೇನೆ.

ನಲವತ್ತೈದು ದಾಟಿದ ನನ್ನನ್ನು ಅಪ್ಪ ಇನ್ನೂ ‘ಪಾಪಾ’ ಎಂದೇ ಕರೆಯುತ್ತಾರೆ. ಒಮ್ಮೆ ನನ್ನ ಕೆಲಸವೇನೆಂದು ವಿವರಿಸಿದಾಗ, “ಬರೇ ನಂಬರ್ ನೋಡ್ತಾ ಕುಂತ್ಕೊಂಡ್ರೆ ಸಂಬ್ಳ ಕೊಡ್ತಾರಾ ಪಾಪಾ?” ಎಂದು ನಕ್ಕಿದ್ದರು. ನನಗೆ ರೇಗಿತ್ತು. ಅವರು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯ ಬಾಯಲ್ಲಿ ಟೋಕನ್ ಕಿಟಕಿಯ ಮುಂದೆ ಮೂವತ್ತು ವರ್ಷ ಮಾಡಿದ್ದೇನು ಮತ್ತೆ? ಕೆಳಗಿಳಿಯುವ ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ. ಮೇಲೆ ಬಂದವನು ಬಿಲ್ಲೆ ಕೊಟ್ಟರೆ ಹಲಗೆಯ ಮೊಳೆಗೆ ತೂಗುಹಾಕುವುದು. ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ನೆಲದಡಿಯಲ್ಲಿದ್ದಾನೆ ಎಂದರ್ಥ, ಅಪ್ಪ ಮನೆಗೆ ಬರುವಂತಿಲ್ಲ.

ಒಂದು ಸಲ ಹೀಗೇ ಒಂದು ಮೊಳೆ ಖಾಲಿ. ಸೆಲ್ವಂ ಎಂಬವನದು. ಕೆಳಗೆಲ್ಲ ಹುಡುಕಿಸಿ ಕೊನೆಗೆ ಮನೆಗೆ ಆಳು ಕಳಿಸಿದರೆ, ಪುಣ್ಯಾತ್ಮ ಗಣಿ ಕೆಲಸಗಾರರ ಲೈನ್ ಮನೆಯ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಬಿಲ್ಲೆ ಚಡ್ಡಿ ಜೇಬಿನಲ್ಲಿತ್ತು. “ನಾನ್ ಮೇಲೇ ಇವ್ನಲ್ಲಣ್ಣಾ!” ಎಂದನಂತೆ. ಅಪ್ಪ, “ನೀನ್ ಬಂದ್ರೆ ಸಾಲ್ದು ಕಣ್ಲಾ, ಬಿಲ್ಲೆ ಬರ್ಬೇಕು” ಎಂದು ಬೈದರಂತೆ. ನನ್ನ ಪಟ್ಟಿಯಲ್ಲೂ ಇಂಥ ಸೆಲ್ವಂಗಳಿದ್ದಾರೆ. ಕೆಲಸ ಎಂದೋ ಮುಗಿದಿದೆ, ತಿನ್ನುವುದು ಏನೂ ಇಲ್ಲ, ಹೆಸರು ಮಾತ್ರ ಹೋಗಿಲ್ಲ. ಪುಸ್ತಕದಲ್ಲಿ ಅವಕ್ಕೆ ‘ಜಾಂಬಿ’ ಎಂದು ಪಿಶಾಚಿಯ ಹೆಸರಿಟ್ಟಿದ್ದಾರೆ. ನಾನು ಸೆಲ್ವಂ ಅಂತಲೇ ಕರೆಯುವುದು.

ಮೊನ್ನೆ ನಡೆದದ್ದಕ್ಕೆ ಬರುತ್ತೇನೆ. ಮಧ್ಯಾಹ್ನ ಎರಡಕ್ಕೆ ಬಿ.ಕಾಂ. ಮಕ್ಕಳಿಗೆ ಕಂಪ್ಯೂಟರ್ ಪರೀಕ್ಷೆ. ನಮ್ಮಲ್ಲಿ ಇಪ್ಪತ್ತು ಪರದೆಗೂ ಸೇರಿ ದುಡಿಯುವುದು ಮೂಲೆಯ ಒಂದೇ ಹಳೆಯ ಯಂತ್ರ. ಒಂದೂಮುಕ್ಕಾಲಿಗೆ ಇಪ್ಪತ್ತೂ ಪರದೆ ಕಲ್ಲಾದವು. ಮೇಲ್ವಿಚಾರಣೆಗೆ ಬಂದಿದ್ದ ವಾಣಿಜ್ಯದ ರಾಮಪ್ಪ ಮೇಷ್ಟ್ರು ನನ್ನ ಪರದೆಗೆ ಬಗ್ಗಿ ಬೆಚ್ಚಿದರು.

“ಮುನ್ನೂರ ತೊಂಬತ್ತೆಂಟು ಪರ್ಸೆಂಟಾ? ನೂರ್ರ ಮೇಲೆ ಎಂಗಮ್ಮಾ ಓಯ್ತದೆ? ಮಿಷನ್ ಕೆಟ್ಟೋಗದೆ. ಮೊದ್ಲು ಪ್ಲಗ್ ಕೀಳು!”

ಕೆಟ್ಟಿರಲಿಲ್ಲ. ಆ ಯಂತ್ರಕ್ಕೆ ನಾಲ್ಕು ಕೋರು, ಅಂದರೆ ನಾಲ್ಕು ಮಿದುಳು, ಒಂದೊಂದಕ್ಕೂ ನೂರು. ಯಾವುದೋ ಒಂದು ಕೆಲಸ ನಾಲ್ಕನ್ನೂ ತುಂಬಿಕೊಂಡು ಕೂತಿತ್ತು, ಅಷ್ಟೆ. ಮೇಷ್ಟ್ರ ಕೈ ಆಗಲೇ ಸ್ವಿಚ್ಚಿನ ಹತ್ತಿರ ಹೋಗಿತ್ತು. “ಸಾರ್, ಕೆಳಗೆ ಯಾರೋ ಇದಾರೆ, ಮುಟ್ಬೇಡಿ!” ಎಂದು ಕೂಗಿದೆ. ಅವರು ಬಗ್ಗಿ ಮೇಜಿನ ಕೆಳಗೆ ನೋಡಿದರು.

ಸಾಲಿನ ಪಕ್ಕದಲ್ಲಿ ಅದನ್ನು ಓಡಿಸಿದವರ ಹೆಸರಿರುತ್ತದೆ. ಕನ್ನಡದ ಮುನಿರಾಜು ಮೇಷ್ಟ್ರದು. ಹಳ್ಳಿಗಳಲ್ಲಿ ಅಜ್ಜಿಯರ ಹಾಡು ರೆಕಾರ್ಡ್ ಮಾಡಿಕೊಂಡು ಬಂದು, ಗಾಳಿ ಗದ್ದಲ ಸೋಸಲು ಯಂತ್ರಕ್ಕೆ ಹಾಕಿ ಹೋಗಿದ್ದರು. ಫೋನ್ ಮಾಡಿದೆ.

“ಅಯ್ಯೋ, ನಿಲ್ಲಿಸ್ಬ್ಯಾಡಮ್ಮಾ!” ಎಂದರು. “ಮೂರು ದಿನದಿಂದ ಓಡ್ತಾ ಅದೆ. ನಡುವೆ ನಿಂತ್ರೆ ಮೊದ್ಲಿಂದ ಸುರು ಮಾಡ್ಬೇಕು. ನಾಳೆ ಬೆಳಿಗ್ಗೇನೇ ಆ ಅಜ್ಜೀರ್ನೆಲ್ಲಾ ಕಾಲೇಜಿಗೆ ಕರ್ಕೊಂಡ್ ಬತ್ತಾ ಇವ್ನಿ. ಅವ್ರಲ್ಲಿ ಒಬ್ಬಾಕೆ ಓದ್ ತಿಂಗ್ಳು ಓಗ್ಬಿಟ್ಲು. ಅಮ್ಮನ ದನಿ ಕೇಳೋಕೆ ಆಕೆ ಮಗ್ಳು ಬತ್ತಾಳೆ.”

ಒಂದು ಕಡೆ ಇಪ್ಪತ್ತು ಮಕ್ಕಳ ಪರೀಕ್ಷೆ, ಇನ್ನೊಂದು ಕಡೆ ಸತ್ತ ತಾಯಿಯ ದನಿ. ಆಗ ನೆನಪಾದದ್ದು ಪಠ್ಯಪುಸ್ತಕವಲ್ಲ, ಅಪ್ಪ. ಪಾಳಿ ಬಿಡುವ ಹೊತ್ತಿನಲ್ಲಿ, ಗಣಿಯಿಂದ ಮೇಲೆತ್ತುವ ಕೇಜಿನೊಳಗೆ ಜನ ಮೊದಲು, ಸಾಮಾನು ಆಮೇಲೆ ಎನ್ನುತ್ತಿದ್ದರು. ಸಾಮಾನನ್ನು ಯಾರೂ ಬಿಸಾಡುವುದಿಲ್ಲ, ಪಕ್ಕಕ್ಕೆ ನಿಲ್ಲಿಸುತ್ತಾರೆ. ‘ರಿನೈಸ್’ ಎಂಬ ಆಜ್ಞೆ ಕೊಟ್ಟು ಹಾಡಿನ ಸರದಿಯನ್ನು ಎಲ್ಲರಿಗಿಂತ ಹಿಂದಕ್ಕೆ ತಳ್ಳಿದೆ. ಕಣ್ಣೆದುರೇ ಪರೀಕ್ಷೆಯ ಸಾಲುಗಳು ಮೇಲೇರಿದವು, ಇಪ್ಪತ್ತು ಪರದೆಗೂ ಜೀವ ಬಂತು. ಹಾಡು ಪಟ್ಟಿಯ ಕೆಳಗಿಳಿದು, ಉಳಿದದ್ದನ್ನು ತಿಂದುಕೊಂಡು, ನಿಲ್ಲದೆ ನಡೆಯಿತು. ನಾಲ್ಕಕ್ಕೆ ಮಕ್ಕಳು ಎದ್ದು ಹೋದದ್ದೇ ತಡ, ಮತ್ತೆ ಮುನ್ನೂರ ತೊಂಬತ್ತೆಂಟು! ನನಗೆ ಬಂದ ಜಂಬವನ್ನು ಬಚ್ಚಿಡಲಾರೆ. ರಾಮಪ್ಪ ಮೇಷ್ಟ್ರು ತಾವೇ ಹೋಗಿ ನನಗೆ ಟೀ ತಂದುಕೊಟ್ಟರು, ಬೇಕಾದರೆ ಕೇಳಿ.

ಸಂಜೆ ಮನೆಗೆ ಬಂದು ಅಪ್ಪನಿಗೆ ಇದನ್ನೆಲ್ಲ ಬಣ್ಣ ಕಟ್ಟಿ ಹೇಳಿದೆ. ಹೊಗಳಿಕೆಗೆ ಕಾದು ಕೂತೆ. ಅವರು ಕೇಳಿದ್ದು ಒಂದೇ.

“ಎಲ್ಲಾರೂ ಮೇಲಕ್ ಬಂದ್ರಾ?”

“ಒಂದು ಇನ್ನೂ ಕೆಳಗಿದೆ ಅಪ್ಪ. ಆ ಅಜ್ಜಿಯರ ಹಾಡು, ತೀರಿಕೊಂಡಾಕೆಯದೂ ಅದರಲ್ಲೇ ಇದೆ.”

“ಅಂಗಾದ್ರೆ ನೀನ್ಯಾಕ್ ಮನೇಗ್ ಬಂದೆ?”

ಎದ್ದು ಲ್ಯಾಪ್‌ಟಾಪ್ ತೆರೆದು, ಮನೆಯಿಂದಲೇ ಕಾಲೇಜಿನ ಯಂತ್ರಕ್ಕೆ ಸೇರಿಕೊಂಡು, ಟಾಪ್ ಕುಟ್ಟಿ ಅಪ್ಪನ ಮುಂದಿಟ್ಟೆ. ಇದೇ ಆ ಸಾಲು ಎಂದು ಬೆರಳಿಟ್ಟು ತೋರಿಸಿದೆ. ಅಪ್ಪ ಕನ್ನಡಕ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಗಣಿ ಮುಚ್ಚಿದ ಮೇಲೆ ಅವರು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಟಿ.ವಿ. ಹಾಕಲು ಬಿಡಲಿಲ್ಲ. ಮುದ್ದೆ ಆರುತ್ತದೆ ಎಂದರೂ ಏಳಲಿಲ್ಲ. ನಾನು ಅಡುಗೆಮನೆಯಲ್ಲಿ ಸಾರು ಬಿಸಿಗಿಟ್ಟು ಕಾಯುತ್ತಿದ್ದಾಗ ಅವರ ದನಿ ಕೇಳಿಸಿತು.

“ಪಾಪಾ, ಬಂದ್ಳು.”

ಓಡಿಹೋಗಿ ನೋಡಿದೆ. ಆ ಸಾಲು ಪಟ್ಟಿಯಲ್ಲಿರಲಿಲ್ಲ. ಮುನಿರಾಜು ಮೇಷ್ಟ್ರ ಹಾಡುಗಳೆಲ್ಲ ಮುಗಿದು ಕಡತದಲ್ಲಿ ಸಾಲಾಗಿ ಕೂತಿದ್ದವು, ಒಂದೂ ಕಡಿಮೆಯಿಲ್ಲ. ಅಪ್ಪ ಇನ್ನೊಂದು ಸಲ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟರು.

“ಒಳ್ಳೇ ಕೆಲ್ಸ ಕಣಮ್ಮಾ ನಿಂದು,” ಎಂದರು. “ಈಗ ಊಟಕ್ಕಿಕ್ಕು.”