ಕಣ್ಣು ಕಡೆಗೆ ಬರೆಯುತ್ತಿದ್ದ ಮಾಸ್ತರ

ಜರ್ಮನಿಯ ಫೊಯರ್‌ಬಾಕ್‌ನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿದೆ. ನಾಲ್ಕು ವಾಷಿಂಗ್ ಮಷಿನ್, ಒಂದು ಡ್ರೈಯರ್, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ. ಆ ಬೇಸಿಗೆಯಲ್ಲಿ ಹಗ್ಗದ ಮೇಲೆ ಹನ್ನೊಂದು ಮುಖಗಳು ತೂಗುತ್ತಿದ್ದವು. ದಪ್ಪ ಕಾಗದದ ಮೇಲೆ ಮಕ್ಕಳು ಬರೆದ ಮುಖಗಳು. ಮೂಗುತಿ, ಕುಂಕುಮ, ನರೆತ ಮೀಸೆ ಎಲ್ಲ ಇದ್ದವು. ಒಂದಕ್ಕೂ ಕಣ್ಣಿರಲಿಲ್ಲ.

ಮೊದಲ ಮಹಡಿಯ ಮಹಿಳೆ ಫ್ರಾವ್ ಹೂಬರ್ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ಅವು ನನ್ನನ್ನು ನೋಡುತ್ತವೆ" ಎಂದು ದೂರು ಹೇಳಿದರು. ಅದನ್ನು, ಆ ಮುಖಗಳನ್ನು ಬರೆಸಿದ್ದ ಗವಿಸಿದ್ದಪ್ಪ ಮಾಸ್ತರಿಗೆ ಕನ್ನಡದಲ್ಲಿ ತಿಳಿಸಿದೆ.

"ಕಣ್ಣ ಇಲ್ಲ, ಹೆಂಗ ನೋಡ್ತಾವು? ಕೇಳ್ರಿ ಆ ಬಾಯಾರ್ನ" ಎಂದರು ಮಾಸ್ತರು.

ಕೇಳಿದೆ. "ಕಣ್ಣಿದ್ದರೆ ಎಲ್ಲಿ ನೋಡುತ್ತಿವೆ ಎಂದಾದರೂ ಗೊತ್ತಾಗುತ್ತಿತ್ತು" ಎಂದರು ಫ್ರಾವ್ ಹೂಬರ್.

ಅದನ್ನೂ ಮಾಸ್ತರಿಗೆ ತಿಳಿಸಿದೆ. "ಆಕಿ ಹೇಳೂದು ಖರೆ ಐತಿ" ಎಂದರು. ನಮ್ಮಲ್ಲಿ ಮೆಟ್ಟಿಲು ಗುಡಿಸುವ ಪಾಳಿ ಪ್ರತಿ ವಾರ ಒಂದೊಂದು ಮನೆಗೆ ಬರುತ್ತದೆ, ಕೇರ್‌ವೋಖೆ ಎನ್ನುತ್ತಾರೆ. ಆ ವಾರ ಫ್ರಾವ್ ಹೂಬರ್ ಅವರ ಪಾಳಿಯನ್ನು ಮಾಸ್ತರೇ ಮುಗಿಸಿದರು. ಅಲ್ಲಿಗೆ ದೂರು ನಿಂತಿತು. ಮುಖಗಳು ಉಳಿದವು.

ಮಾಸ್ತರು ಕೊಪ್ಪಳದ ಕಡೆಯವರು. ಮಗಳು ಶೈಲಾ ಇಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ವೀಸಾ ಕೊಡುವ ತೊಂಬತ್ತು ದಿನಗಳಿಗೆ ವರ್ಷಕ್ಕೊಮ್ಮೆ ಬರುತ್ತಿದ್ದರು. ಸರಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರಿಗೆ, ಹಿಂದಿ ಕಲಿಸುವವರಿಲ್ಲವೆಂದು ಅದನ್ನೂ ಹಚ್ಚಿದ್ದರಂತೆ. "ಎರಡನ್ನೂ ಒಂದ ಪೀರಿಯಡ್‌ನ್ಯಾಗ ಕಲಸಿಬಿಟ್ಟೆ ನೋಡ್ರಿ" ಎನ್ನುತ್ತಿದ್ದರು. ಕಟ್ಟಡದ ಭಾರತೀಯ ಮಕ್ಕಳ ಮನೆಮಾತು ನಾಲ್ಕು ಬಗೆ. ಹಿಂದಿಯೊಂದು ಎಲ್ಲರಿಗೂ ಅರ್ಧಂಬರ್ಧ ತಿಳಿಯುತ್ತಿತ್ತು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನೆಲಮಾಳಿಗೆಯಲ್ಲಿ ಅವರಿಗೆ ಮಾಸ್ತರರ ಪಾಠ. ಉತ್ತರದ ಕಡೆಯ ತಂದೆಯೊಬ್ಬರು ಅವರ ಹಿಂದಿ ಕೇಳಿ ನಕ್ಕಾಗ, ಮಾಸ್ತರೂ ನಕ್ಕರು: "ಇದು ಕೊಪ್ಪಳದ ಹಿಂದಿ ಸಾಹೇಬ್ರ. ತಪ್ಪ ಇರ್ತೈತಿ, ಅಂಜಿಕಿ ಇರೂದಿಲ್ಲ."

ಊರಲ್ಲಿರುವ ಯಾರಾದರೊಬ್ಬರ ಮುಖ ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದರು. ಬಂದ ಚಿತ್ರಗಳನ್ನು ನಾನು ನೋಡಿದ್ದೇನೆ. ಎಲ್ಲ ಅಜ್ಜಿಯರಿಗೂ ಗಲ್ಲ ದೊಡ್ಡದು, ಹಣೆ ಅರ್ಧ, ತಲೆಯ ಮೇಲೆ ಒಂದು ಸೀಲಿಂಗ್ ಫ್ಯಾನ್. ವಿಡಿಯೋ ಕಾಲ್‌ನಲ್ಲಿ ಅಜ್ಜಿಯರು ಹಾಗೇ ಕಾಣುತ್ತಾರೆ. ಮಾಸ್ತರು ತಿದ್ದಲಿಲ್ಲ.

ಒಬ್ಬಳು ಚಿತ್ರ ಮುಗಿಸಿ "ಫರ್ಟಿಶ್!" ಎಂದು ಕೂಗಿದಳು. ಮುಗೀತು ಎಂದರ್ಥ.

"ಎಲ್ಲಿ ಮುಗೀತು? ಕಣ್ಣ ಎಲ್ಲಿ?"

"ನೀವೇ ಬೇಡ ಅಂದ್ರಿ, ಮಾಸ್ಟರ್‌ಜೀ."

ಮಾಸ್ತರರ ಮನೆತನ ಕಟ್ಟಿಗೆಯ ದೇವರುಗಳಿಗೆ ಬಣ್ಣ ಹಾಕುತ್ತಿದ್ದ ಮನೆತನ. ಅಲ್ಲಿ ಕಣ್ಣು ಬರೆಯುವುದು ಎಲ್ಲಕ್ಕೂ ಕಡೆಗೆ. ದೇವರ ಮುಂದೆ ಕನ್ನಡಿ ಹಿಡಿದು, ಬರೆಯುವವರು ಪಕ್ಕಕ್ಕೆ ಕುಳಿತು ಕಣ್ಣು ತೆರೆಸುತ್ತಿದ್ದರಂತೆ. "ಕಣ್ಣ ಬರದ ಕೂಡ್ಲೆ ಅದು ನೋಡಾಕ ಶುರು ಮಾಡ್ತೈತಿ. ಮೊದ್ಲನೇ ನೋಟ ಮನಷ್ಯಾರ ಮ್ಯಾಲೆ ಬೀಳಬಾರ್ದು. ತನ್ನ ಮಾರಿ ತಾನ ನೋಡ್ಕೊಳ್ಳಿ ಮೊದ್ಲ." ಅದಕ್ಕೆಂದೇ ದಾಡಿ ಮಾಡಿಕೊಳ್ಳುವ ಸಣ್ಣ ಕನ್ನಡಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬರುತ್ತಿದ್ದರು.

ಮಕ್ಕಳಿಗೆ ಅವರು ಇನ್ನೊಂದು ಕರಾರು ಸೇರಿಸಿದ್ದರು. ಕನ್ನಡಿ ಸರಿಸಿದ ಮೇಲೆ ಆ ಮುಖ ಮೊದಲು ಏನನ್ನು ನೋಡುತ್ತದೆ ಎಂದು ಹಿಂದಿಯಲ್ಲಿ ಹೇಳಬೇಕು. ನಿಜ ಹೇಳಿದರೆ ಕುಂಚ. ಇಲ್ಲದಿದ್ದರೆ "ಬಾದ್ ಮೇ", ಅಂದರೆ ಆಮೇಲೆ. "ಅಜ್ಜಿ ನನ್ನನ್ನೇ ಮೊದಲು ನೋಡುತ್ತಾಳೆ" ಎಂದ ಹುಡುಗಿಗೆ ಮೂರು ವಾರ ಕುಂಚ ಸಿಗಲಿಲ್ಲ. ನಾಲ್ಕನೆಯ ವಾರ ಅವಳು ಸಿಟ್ಟಿನಿಂದ, "ಅಜ್ಜಿ ಮೊದಲು ಟಿವಿ ನೋಡುತ್ತಾಳೆ!" ಎಂದಳು. ಮಾಸ್ತರು ಎದ್ದು ನಿಂತು ಕುಂಚ ಕೊಟ್ಟರು. ಹೀಗೆ ಆಗಸ್ಟ್ ಕೊನೆಗೆ ಹತ್ತು ಮುಖಗಳಿಗೆ ಕಣ್ಣು ಬಂದು, ಅವು ಮನೆಗೆ ಹೋದವು. ಉಳಿದ ಒಂದು ನನ್ನ ಮಗಳು ತಾರಾಳದು.

ಆಗ ತಾರಾಗೆ ಏಳು ವರ್ಷ. ಅವಳು ಬರೆದದ್ದು ತಾಯಿಯ ಮುಖ. ನನ್ನ ಹೆಂಡತಿ ರಿತು ಕಾನ್ಪುರದವಳು. ಅದರ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಳು. ತಾಯಿ, ಮಗಳು ಹಿಂದಿಯಲ್ಲೇ ಮಾತಾಡುತ್ತಿದ್ದರು. ಆ ದಿನದಿಂದ ತಾರಾ ಹಿಂದಿಯ ಒಂದು ಶಬ್ದವನ್ನೂ ಆಡಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುತ್ತಿದ್ದಳು. ಆಸ್ಪತ್ರೆಯಿಂದ ರಿತು ಮಗಳಿಗೆಂದು ರೆಕಾರ್ಡ್ ಮಾಡಿದ ಮಾತುಗಳು ಅವಳ ಫೋನಿನಲ್ಲಿವೆ. ತಾರಾ ದೊಡ್ಡವಳಾದ ಮೇಲೆ ಕೇಳಲಿ ಎಂದು ಅವನ್ನು ಇಟ್ಟಿದ್ದೆ. ಅಷ್ಟರೊಳಗೆ ಹಿಂದಿ ಮರೆತುಹೋದರೆ ಅವು ಅವಳಿಗೆ ಬರೀ ಸದ್ದು. ಅವಳನ್ನು ಪಾಠಕ್ಕೆ ಕಳಿಸಿದ್ದು ಆ ಕಾರಣಕ್ಕೆ.

ಮಾಸ್ತರು ಊರಿಗೆ ಹೊರಡುವ ಮುಂಚಿನ ಶನಿವಾರ ತಾರಾ ಜರ್ಮನ್‌ನಲ್ಲೇ, "ಅಮ್ಮ ನನ್ನನ್ನು ನೋಡುತ್ತಾಳೆ" ಎಂದಳು. ಅವರು ಅವಳ ತಲೆ ಸವರಿ, "ಬಾದ್ ಮೇ, ಬೇಟಿ" ಎಂದರು.

ಮಗಳನ್ನು ಮೇಲೆ ಕಳಿಸಿ ನಾನು ಜಗಳಕ್ಕೆ ನಿಂತೆ. "ಆಕಿ ಅಷ್ಟು ಹೇಳಿದ್ದ ಹೆಚ್ಚು, ಮಾಸ್ತರ. ಬರದ್ಕೊಳ್ಳಿ ಬಿಡ್ರಿ."

"ನಿಮ್ಮನ್ಯಾಗ ಆಕಿ ತಾಯಿ ಮಾತು ಇನ್ಯಾರಿಗೆ ಬರ್ತೈತ್ರಿ?"

"ನನಗ ಅಷ್ಟಕ್ಕಷ್ಟ."

"ಮತ್ತ ಆಕೀನೂ ಬಿಟ್ಲಂದ್ರ? ಕಣ್ಣ ತೆರದ ಮ್ಯಾಲೆ ನಿಮ್ಮನಿಯವ್ರು ಯಾರ ಕೂಡ ಮಾತಾಡ್ಬೇಕು?"

ಅವರು ಬಿಡಲಿಲ್ಲ. "ಹೋಗ್ಲಿ, ನೀವರ ಹೇಳ್ರಿ, ಅವ್ರು ಮೊದ್ಲ ಏನ್ ನೋಡ್ತಾರ?"

ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹತ್ತು ವರ್ಷ ಕೂತವನು ನಾನು. ರಿತುಗೆ ರೋಗ ತಿಳಿದದ್ದು ಯಾವಾಗ, ಆಸ್ಪತ್ರೆಗೆ ಸೇರಿಸಿದ್ದು ಯಾವಾಗ, ಕೊನೆಯ ದಿನ ಎಷ್ಟು ಹೊತ್ತಿಗೆ ಏನಾಯಿತು ಎಂದು ಕ್ರಮವಾಗಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಇದು ಸುದ್ದಿ ಆತ್ರಿ. ನಾ ಕೇಳಿದ್ದು ಇದಲ್ಲ" ಎಂದರು.

ಅವರನ್ನು ನಾನು ಕೊನೆಯದಾಗಿ ಕಂಡದ್ದು ಅಂದು. ಕಣ್ಣಿಲ್ಲದ ಚಿತ್ರ ಮನೆಗೆ ಹೋಗಕೂಡದೆಂದು ಅದನ್ನು ಹಗ್ಗದ ತುದಿಗೆ ತಾವೇ ಕ್ಲಿಪ್ ಹಾಕಿ ಹೋದರು.

ಜನವರಿಯಲ್ಲಿ ಫ್ರಾವ್ ಹೂಬರ್ ಮತ್ತೆ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿದರು. "ನಿಮ್ಮ ಹಿರಿಯರು ಬಂದಿದ್ದಾರಲ್ಲ, ನೋಡಲಿಕ್ಕೇ ಸಿಗಲಿಲ್ಲ" ಎಂದರು.

"ಅವರು ಭಾರತದಲ್ಲಿದ್ದಾರೆ. ಬರುವುದು ಮೇ ತಿಂಗಳಿಗೆ."

"ಹಾಗಾದರೆ ಕೆಳಗೆ ಕೆಮ್ಮುವವರು ಯಾರು? ಬಾದ್ ಮೇ, ಬಾದ್ ಮೇ ಎನ್ನುವವರು?"

ಆಕೆಗೆ ಹಿಂದಿ ಬರುವುದಿಲ್ಲ. ಎರಡು ಶಬ್ದಗಳನ್ನೂ ಮಾಸ್ತರರ ಎಳೆತದಲ್ಲೇ ಹೇಳಿದರು. ಶೈಲಾಗೆ ಫೋನ್ ಮಾಡಿ ವಿಚಾರಿಸಿದೆ. ಮಾಸ್ತರು ಕೊಪ್ಪಳದಲ್ಲೇ ಇದ್ದರು.

ಬುಧವಾರ ಮಧ್ಯಾಹ್ನ, ಸುಮಾರು ನಾಲ್ಕು ಗಂಟೆ, ನಾನೇ ಕೆಳಗಿಳಿದು ಹೋದೆ. ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಡ್ರೈಯರ್ ತಿರುಗುತ್ತಿತ್ತು. ಅದರ ನಡುವೆ ಒಬ್ಬ ಮುದುಕ ಕೆಮ್ಮಿದ್ದು ಕೇಳಿಸಿತು. ನನ್ನ ತೋಳಿನ ಕೂದಲು ನಿಂತದ್ದು ನಿಜ, ಅದನ್ನೂ ಬರೆಯಬೇಕು. ಇಣುಕಿದೆ. ಚಿತ್ರದ ಮುಂದೆ ತಾರಾ ಒಬ್ಬಳೇ ನಿಂತಿದ್ದಳು.

"ಅಬ್?" ಎಂದು ಕೇಳಿದಳು. ಈಗಲಾ? ಅದು ಅವಳದೇ ದನಿ.

ಆಮೇಲೆ ಕೆಮ್ಮು. ಅವಳ ಬಾಯಿಯಿಂದಲೇ ಆ ಮುದಿ ದನಿ ಬಂತು: "ಬಾದ್ ಮೇ, ಬೇಟಿ."

ಅವಳು ಒಂದು ಹಿಂದಿ ವಾಕ್ಯ ಹೇಳಿ ಮತ್ತೆ ಕೇಳಿದಳು. ಮತ್ತೆ ಅದೇ ಉತ್ತರ. ವಾಕ್ಯ ಬದಲಿಸಿದಳು. ಅದಕ್ಕೂ ಅದೇ ಉತ್ತರ. ವರ್ಷದ ಮೇಲಾಗಿತ್ತು ಅವಳ ಹಿಂದಿ ಕೇಳಿ. ನಾನು ಒಳಗೆ ಹೋಗಲಿಲ್ಲ. ಕಂಡದ್ದು ಒಬ್ಬಳನ್ನು, ಕೇಳಿದ್ದು ಎರಡು ದನಿ. ಫ್ರಾವ್ ಹೂಬರ್‌ಗೆ, "ಮಗು ಆಟವಾಡುತ್ತಾಳೆ" ಎಂದು ಹೇಳಿದೆ. ಆಕೆ ಆಮೇಲೆ ಬುಧವಾರ ಬಟ್ಟೆ ಒಗೆಯುವುದನ್ನು ಬಿಟ್ಟರು.

ಮಾರ್ಚ್‌ನಲ್ಲಿ ಗವಿಸಿದ್ದಪ್ಪ ಮಾಸ್ತರು ಕೊಪ್ಪಳದ ಮನೆಯಲ್ಲಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಶೈಲಾ ಹೋಗಿ, ಕಾರ್ಯ ಮುಗಿಸಿ ಬಂದು, ನಮ್ಮ ಮನೆಯ ಗಂಟೆ ಒತ್ತಿದಳು. "ಅಪ್ಪ ಮೇ ತಿಂಗಳಿಗಂತ ಕಟ್ಟಿಟ್ಟ ಚೀಲದಾಗ ಇದು ಮ್ಯಾಲೇ ಇತ್ತಣ್ಣ" ಎಂದು ಆ ಕನ್ನಡಿ ಕೊಟ್ಟಳು.

ತಾರಾಗೆ ಹೇಳಿದೆ. ಅವಳು ಅಳಲಿಲ್ಲ. ಶನಿವಾರ, ಪಾಠದ ಹೊತ್ತಿಗೆ, ಬಣ್ಣದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು.

ನೆಲಮಾಳಿಗೆಯಲ್ಲಿ ಯಾರೂ ಇರಲಿಲ್ಲ. ಮಷಿನ್‌ಗಳು ನಿಂತಿದ್ದವು. ಅವಳು ಚಿತ್ರವನ್ನು ಹಗ್ಗದಿಂದ ಬಿಡಿಸಿ ಗೋಡೆಗೆ ಒರಗಿಸಿ, ಪಕ್ಕಕ್ಕೆ ಕುಳಿತಳು. ನಾನು ಎದುರಿಗೆ ಮೊಣಕಾಲೂರಿ, ಚಿತ್ರದತ್ತ ಮುಖಮಾಡಿ ಕನ್ನಡಿ ಹಿಡಿದೆ.

"ಮಾ ಸಬ್ ಸೆ ಪೆಹಲೆ ಪಾಪಾ ಕೋ ದೇಖೇಗಿ" ಎಂದಳು. ಅಮ್ಮ ಎಲ್ಲರಿಗಿಂತ ಮೊದಲು ಅಪ್ಪನನ್ನು ನೋಡುತ್ತಾಳೆ.

ನಂತರ "ಅಬ್?" ಎಂದು ಕೇಳಿದಳು.

ನನ್ನನ್ನು ಕೇಳಿದ್ದಲ್ಲ. ಅವಳ ಮುಖ ಬಾಗಿಲ ಕಡೆಗಿತ್ತು. ನಾನೂ ಆ ಕಡೆಗೆ ಕಿವಿಗೊಟ್ಟೆ. ಕೆಮ್ಮಿಗಾಗಿ ಕಾದೆ. ಕೊಳಾಯಿಯಿಂದ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಈ ಸಲ ಯಾರೂ "ಬಾದ್ ಮೇ" ಎನ್ನಲಿಲ್ಲ.

ಅವಳು ಎಡಗಣ್ಣು ಬರೆದಳು. ಬಲಗಣ್ಣು ಬರೆದಳು. ಕುಂಚ ತೊಳೆದಿಟ್ಟು, "ಪಾಪಾ, ಹಟಾವೋ" ಎಂದಳು.

ನಾನು ಕನ್ನಡಿ ಸರಿಸಿದೆ.