ಗಿಳಿಮರಿಯ ಬಾಣಂತನ

ಇವತ್ತು ಬೆಳಿಗ್ಗೆ ಅಡುಗೆಮನೆಯ ಮೇಲಿನ ಕಟ್ಟೆ ಒರೆಸುವಾಗ ಹಿಂದೆ ಮುದುಡಿ ಕೂತಿದ್ದ ಔಡಲೆಣ್ಣೆಯ ಬಾಟಲಿಯೊಂದು ಕೈ ತಾಗಿ ಉರುಳಿತು. ಮುಚ್ಚಳ ಸಡಿಲಾಗಿತ್ತೋ ಏನೋ, ಎಣ್ಣೆ ಗೋಡೆಗುಂಟ ಇಳಿದು ಗ್ಯಾಸಿನ ಒಲೆಯ ತನಕ ಬಂತು. ಒರೆಸಿದಷ್ಟೂ ಜಿಡ್ಡು. ಬೇರೆಯವರಿಗೆ ಈ ವಾಸನೆ ಬಂದರೆ ಬಾಣಂತಿ ಕೋಣೆ ನೆನಪಾಗುತ್ತದೆ, ಎಳೆಗೂಸು ನೆನಪಾಗುತ್ತದೆ. ನನಗೆ ನೆನಪಾಗುವುದು ಗಿಳಿ. ನಗಬೇಡಿ. ಗಿಳಿಮರಿಗೆ ಬಾಣಂತನ ಮಾಡಿದ ಮನೆ ನಮ್ಮದು, ಅದರ ಫಲ ಇನ್ನೂ ಪಡಸಾಲೆಯ ಪಂಜರದಲ್ಲಿ ಕೂತು ನನ್ನನ್ನು ಕಂಡಾಗಲೆಲ್ಲ ಕಚ್ಚಲು ಬರುತ್ತದೆ.

ಆಗ ನಾವು ವಾಸ್ಕೋದ ಪಕ್ಕದ ಸಡಾ ಗುಡ್ಡದ ಮೇಲೆ ಎರಡು ಕೋಣೆಯ ಮನೆಯಲ್ಲಿದ್ದೆವು. ಇವರಿಗೆ ಬಂದರಿನ ಹತ್ತಿರದ ಒಂದು ಆಫೀಸಿನಲ್ಲಿ ಗುಮಾಸ್ತಿಕೆ, ನನಗೆ ವಾಸ್ಕೋದ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ನಮ್ಮ ಯಜಮಾನರಿಗೆ ದೇವರು ಎಲ್ಲ ಕೊಟ್ಟಿದ್ದಾನೆ, ‘ಬೇಡ’ ಎನ್ನುವ ಮಾತೊಂದನ್ನು ಕೊಡಲು ಮರೆತಿದ್ದಾನೆ. ನಮ್ಮ ಊರ ಕಡೆಯವರು ಯಾರು ಏನು ಕೊಟ್ಟರೂ ಇವರು ಎರಡೂ ಕೈಯಲ್ಲಿ ತೆಗೆದುಕೊಂಡು ಬರುವವರು. ಹಿಡಿಕೆ ಹೋದ ಬುಟ್ಟಿ, ನಡೆಯದ ಗೋಡೆ ಗಡಿಯಾರ, ಒಂದು ಸಲ ಬರೀ ಎಡಗಾಲಿನ ಒಂದೇ ಚಪ್ಪಲಿ. ಅದು ಯಾಕೆ ಎಂದು ನಾನೂ ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಆ ವರ್ಷ ಬೇಸಿಗೆ ರಜೆಯ ಎರಡನೆಯ ದಿನ ಊಟದ ಡಬ್ಬಿಯಲ್ಲಿ ಗಿಳಿಮರಿ ತಂದರು. ಬಾಗಲಕೋಟೆ ಕಡೆಯ ಕೂಲಿಯವನೊಬ್ಬ ಕಟ್ಟಡದ ಜಾಗದಲ್ಲಿ ಮರ ಕಡಿಯುವಾಗ ಪೊಟರೆಯಲ್ಲಿ ಮೂರು ಮರಿ ಸಿಕ್ಕವಂತೆ. ಚೆನ್ನಾಗಿದ್ದ ಎರಡನ್ನು ಯಾರೋ ಒಯ್ದರಂತೆ. ಉಳಿದದ್ದು ನಮ್ಮ ಪಾಲಿಗೆ. ಮೈತುಂಬ ಮುಳ್ಳುಮುಳ್ಳು ಗರಿ, ಹೊಟ್ಟೆ ನೆಲಕ್ಕೆ ಅಂಟಿಕೊಂಡಿದೆ, ಎರಡೂ ಕಾಲು ಒಂದು ಆ ಕಡೆ ಒಂದು ಈ ಕಡೆ ಅಡ್ಡಡ್ಡ ಚಾಚಿಕೊಂಡಿವೆ. ನಿಲ್ಲಲು ಹೋದರೆ ಜಾರಿ ಮತ್ತೆ ರೊಟ್ಟಿಯ ಹಾಗೆ ಹರವಿಕೊಳ್ಳುತ್ತದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು ಎಂದು ನಾನು ರೇಗಿದೆ.

“ಕಾಲು ನೆಟ್ಟಗಿಲ್ಲದ್ದನ್ನ ಯಾರು ಒಯ್ತಾರ ಹೇಳು? ಒಗದು ಬರಲೇನು?” ಎಂದರು ಇವರು. ಹೀಗೆ ಕೇಳಿದರೆ ಯಾರು ಹೌದೆನ್ನುತ್ತಾರೆ ನೀವೇ ಹೇಳಿ. ಮರುದಿನ ಬೆಳಿಗ್ಗೆ ಅವರು ಆರಾಮಾಗಿ ಆಫೀಸಿಗೆ ಹೋದರು. ಎರಡು ತಾಸಿಗೊಮ್ಮೆ ಚಮಚದಲ್ಲಿ ಅಂಬಲಿ ಕುಡಿಸುವುದು ನನ್ನ ರಜೆಯ ಕೆಲಸವಾಯಿತು. ಕುಡಿದ ಅರ್ಧವನ್ನು ಅದು ತಲೆ ಕೊಡವಿ ನನ್ನ ಕನ್ನಡಕದ ಮೇಲೆ ಹಾಕುತ್ತಿತ್ತು.

ಆ ಹೊತ್ತಿಗೆ ಅತ್ತೆ ಧಾರವಾಡದಿಂದ ಬಂದಿದ್ದರು. ನಮ್ಮತ್ತೆಯ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ಅವರ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎರೆಯಲು ಇವರೇ ಹೋಗಬೇಕು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಕೈಕಾಲು ನೀವಿ, ಬಿಸಿನೀರು ಹುಯ್ದು, ಲೋಬಾನದ ಹೊಗೆ ಹಾಕಿ, ಕಾಲೆರಡನ್ನೂ ಜೋಡಿಸಿ ಹಳೆ ಧೋತರದ ಪಟ್ಟಿಯಲ್ಲಿ ಸುತ್ತಿ ಮಲಗಿಸಿದರೆಂದರೆ ಕೂಸು ಮೂರು ತಾಸು ಏಳುವುದಿಲ್ಲ. ಸೊಟ್ಟ ಕಾಲಿನ ಕೂಸುಗಳು ಅವರ ಕೈಯಲ್ಲಿ ನೆಟ್ಟಗಾಗಿವೆ ಎಂದು ಓಣಿಯೆಲ್ಲ ಹೇಳುತ್ತಿತ್ತು. ಇಷ್ಟೆಲ್ಲ ಊರಿಗೆ ಮಾಡಿದವರಿಗೆ ಮಗನ ಮನೆಯಲ್ಲಿ ಮಾಡುವ ಪ್ರಸಂಗ ಬರಲಿಲ್ಲ. ನಮ್ಮ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅತ್ತೆ ಒಂದು ದಿನವೂ ಅದನ್ನು ಎತ್ತಿದವರಲ್ಲ. ಎತ್ತದೆ ಇದ್ದದ್ದಕ್ಕೇ ನಾನು ಅವರ ಮುಂದೆ ಸದಾ ಸ್ವಲ್ಪ ಬಿಗಿಯಾಗಿರುತ್ತಿದ್ದೆ.

ಡಬ್ಬಿಯಲ್ಲಿ ಇಣುಕಿದ್ದೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಇದಕ್ಕೇನಾಗೈತಿ, ಎಳೇ ಎಲುಬು. ಎರದು ಕಟ್ಟಿದ್ರ ನೆಟ್ಟಗಾಗ್ತಾವ,” ಎಂದು ಔಡಲೆಣ್ಣೆ ಬೆಚ್ಚಗಿಡಲು ಹೇಳಿದರು. ನಾನು ಹಕ್ಕಿಗೆ ಎಣ್ಣೆ ಹಚ್ಚಬಾರದೆಂದೆ. ಎಲ್ಲಿ ಓದಿದ್ದೆನೋ ನನಗೇ ನೆನಪಿರಲಿಲ್ಲ, ಆದರೂ ಟೀಚರ್ ದನಿಯಲ್ಲಿ ಮೂರು ಸಲ ಹೇಳಿದೆ. ಮೂರನೆಯ ಸಲಕ್ಕೆ ಅತ್ತೆಗೆ ಸಿಟ್ಟು ಬಂತು.

“ನೀ ಹಡದಾಕಿ ಅಲ್ಲ, ನಿನಗೇನು ತಿಳೀತೈತಿ? ಸುಮ್ಮ ಕೂಡು.”

ಸುಮ್ಮನೆ ಕೂತೆ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಕೂತೆ. ಹೊರಗೆ ಎಲ್ಲ ಕೇಳುತ್ತಿತ್ತು. ಎಣ್ಣೆಯ ಬಟ್ಟಲಿನ ಸದ್ದು, ಬಿಸಿನೀರಿನ ಚೊಂಬು, ಎಣ್ಣೆ ಹೋಗಲೆಂದು ಕಡಲೆಹಿಟ್ಟು ಹಚ್ಚಿ ತಿಕ್ಕುತ್ತ ಅತ್ತೆ ಗಿಳಿಗೆ ಹೇಳುತ್ತಿದ್ದ ಕೂಸಿನ ಮಾತು. ಎದ್ದು ಹೋಗಿ ಕೈ ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆಗಲಿ, ಏನಾಗುತ್ತದೋ ನೋಡೋಣ ಎಂದು ಹಲ್ಲು ಕಚ್ಚಿ ಕೂತೆ.

ಹೊರಗೆ ಬಂದಾಗ ಫ್ಯಾನು ತಿರುಗುತ್ತಿತ್ತು. ಲೋಬಾನದ ಹೊಗೆ ಮನೆತುಂಬ. ಧೋತರದ ಪಟ್ಟಿಯಲ್ಲಿ ಕಾಲು ಕಟ್ಟಿಸಿಕೊಂಡ ಮರಿ ಎಣ್ಣೆ, ಕಡಲೆಹಿಟ್ಟು, ನೀರು ಮೂರೂ ಮೆತ್ತಿಕೊಂಡು ಗಡಗಡ ನಡುಗುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಅತ್ತೆಯ ಮುಖವೂ ಬಿಳಿಚಿತ್ತು. ಅದನ್ನು ನೋಡಿದ ಮೇಲಾದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಒಳಗೆ ಕೂತು ಒಂದು ಮಾತು ಮಸೆದಿಟ್ಟುಕೊಂಡಿದ್ದೆನಲ್ಲ.

“ನಿಮ್ಮ ಕೈಯಾಗಿನ ಕೂಸುಗೋಳು ಬದುಕಿದ್ದು ನಿಮ್ಮ ಕೈಗುಣದಿಂದಲ್ರೀ ಅತ್ತಿ. ಅವುಗಳ ಆಯುಷ್ಯ ಗಟ್ಟಿ ಇತ್ತು, ಅದಕ್ಕ.”

ನಾನು ಪಟ್ಟಿ ಬಿಚ್ಚಿ ಎಸೆದು, ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ವಾಸ್ಕೋಗೆ ಬಸ್ಸು ಹಿಡಿದೆ. ದನಕರುಗಳ ಡಾಕ್ಟರ್ ಒಬ್ಬರು ಕೊಂಕಣಿಯಲ್ಲಿ ಶುರುಮಾಡಿ, ನನ್ನ ತಲೆಗೆ ಪೂರ್ತಿ ಹತ್ತುತ್ತಿಲ್ಲವೆಂದು ತಿಳಿದು ಹಿಂದಿಗೆ ಬಂದು ಬೈದರು. ಎಣ್ಣೆ ಹತ್ತಿದ ಗರಿಗೆ ಮೈಯ ಬಿಸಿ ನಿಲ್ಲುವುದಿಲ್ಲವಂತೆ, ಇನ್ನರ್ಧ ತಾಸು ತಡವಾಗಿದ್ದರೆ ಹೋಗುತ್ತಿತ್ತಂತೆ. ಅದರ ಮೇಲೆ ಕಾಡಿನ ಗಿಳಿಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧವಂತೆ. ಸಾಕಲು ಯಾರು ಕುಣಿಯುತ್ತಿದ್ದರು ಮಹಾರಾಯ ಎಂದು ಅನ್ನಬೇಕೆನಿಸಿತು. ಮರಿಯನ್ನು ಒರೆಸಿ ಬಲ್ಬಿನ ಕೆಳಗೆ ಮಲಗಿಸಿದ ಮೇಲೆ, ಅದರ ಕಾಲು ಹಿಡಿದು ನೋಡಿ ಇನ್ನೊಂದು ಮಾತು ಹೇಳಿದರು. ಎಲುಬು ಇನ್ನೂ ಎಳೆಯದು, ಈಗಲೇ ಎರಡೂ ಕಾಲನ್ನು ಹೊಟ್ಟೆಯ ಕೆಳಗೆ ಜೋಡಿಸಿ ಮೆತ್ತನೆ ಬಟ್ಟೆಯಲ್ಲಿ ಕಟ್ಟಬೇಕು, ದಿನಾ ಬಿಚ್ಚಿ ಕಟ್ಟಬೇಕು, ಒಂದೊಂದು ದಿನವೂ ಮುಖ್ಯ. ಕಟ್ಟಿದ ಗುರುತು ಕಾಣುತ್ತಿದೆಯಲ್ಲ, ಯಾರು ಕಟ್ಟಿದ್ದು? ಸರಿಯಾಗಿ ಕಟ್ಟಿದ್ದಾರೆ.

ಎಣ್ಣೆಯ ಮಾತನ್ನು ನಾನು ಮನೆಗೆ ತಂದೆ, ಕಾನೂನಿನ ಮಾತನ್ನೂ ತಂದೆ. ಅತ್ತೆಯ ಕಟ್ಟು ಸರಿ ಎಂದದ್ದೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಅತ್ತೆ ಆಮೇಲೆ ಮರಿಯನ್ನು ಮುಟ್ಟಲಿಲ್ಲ. ನನ್ನ ಜೊತೆ ಮಾತೂ ಬಿಟ್ಟರು, ನಾನೂ ಬಿಟ್ಟೆ. ಒಂದೇ ಮನೆಯಲ್ಲಿ ಮಾತು ಬಿಟ್ಟವರ ಪಾಡು ನಿಮಗೆ ಗೊತ್ತಿರಬೇಕು. ಉಪ್ಪು ಜಾಸ್ತಿಯಾಗಿದೆ ಎಂದು ಅವರು ಗಿಳಿಗೆ ಹೇಳುವುದು, ಬೇಕಾದವರು ಮೊಸರು ಹಾಕಿಕೊಳ್ಳಲಿ ಎಂದು ನಾನೂ ಗಿಳಿಗೇ ಹೇಳುವುದು. ಇವರು ಇಬ್ಬರ ನಡುವೆ ಕೂತು ತಟ್ಟೆ ನೋಡುತ್ತ ಉಣ್ಣುವುದು. ಮರಿಯ ಕಾಲು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಟ್ಟಿದ್ದು ಅರ್ಧ ತಾಸಿಗೆ ಜಾರುತ್ತಿತ್ತು. ಬಿಗಿ ಮಾಡಿದರೆ ಕಾಲು ಬಾತುಕೊಳ್ಳುತ್ತಿತ್ತು, ಸಡಿಲ ಮಾಡಿದರೆ ಮತ್ತೆ ರೊಟ್ಟಿ. ಪ್ರತಿ ಸಲವೂ ಹೆಬ್ಬೆರಳಿಗೆ ಒಂದು ಕಡಿತ. ಅತ್ತೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಓರೆಗಣ್ಣಿನಿಂದ ನೋಡುವರು, ಅವರ ಬೆರಳುಗಳು ಮೊರದ ಮೇಲೆ ಸುಮ್ಮನೆ ಆಡುತ್ತಿದ್ದವು. ನಾನು ಒಂದು ಮಾತು ಹೇಳಿದರೆ ಸಾಕಿತ್ತು. ನನ್ನ ಹಟಕ್ಕಿಷ್ಟು ಬೆಂಕಿ ಬೀಳಲಿ, ಹೇಳಲಿಲ್ಲ.

ಹನ್ನೊಂದನೆಯ ದಿನ ಇವರು ಆಫೀಸಿಗೆ ಹೋದ ಮೇಲೆ ಮರಿ ನನ್ನ ಕಟ್ಟಿನಲ್ಲೇ ಸಿಕ್ಕಿಕೊಂಡು ಎಡಗಾಲು ತಿರುಚಿಕೊಂಡಿತು. ಅದು ಕೂಗಿದ ಕೂಗಿಗೆ ನನಗೆ ಅಳು ಬಂತು. ಅದನ್ನು ಹಾಗೇ ಬೊಗಸೆಯಲ್ಲಿ ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಡಾಕ್ಟರ್ ನಿಮ್ಮ ಕಟ್ಟೇ ಸರಿ ಅಂದಿದ್ದರು, ನಾನೇ ಹೇಳಲಿಲ್ಲ, ನನಗೆ ಬರುವುದಿಲ್ಲ, ನೀವೇ ಕಟ್ಟಿ.

ಅತ್ತೆ ತಿರುಚಿದ ಕಾಲನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ಹನ್ನೊಂದು ದಿನಾ ಇದನ್ನ ಹೊಟ್ಟ್ಯಾಗ ಇಟ್ಕೊಂಡಿದ್ದೇನು?” ಎಂದರು. ಆಮೇಲೆ ಕಾಲು ಚಾಚಿ ಕೂತರು. “ಹಿಡ್ಕೋ. ಇದು ಒಬ್ಬಾಕಿ ಕೈಲೆ ಆಗೂದಲ್ಲ. ಅವತ್ತ ನಾ ಅಂದದ್ದೂ ಸಣ್ಣ ಮಾತಲ್ಲ ತಗೋ.”

ನಾನು ಹಿಡಿದುಕೊಂಡೆ, ಅವರು ಕಟ್ಟಿದರು. ಎಣ್ಣೆಯ ಹೆಸರು ಇಬ್ಬರೂ ಎತ್ತಲಿಲ್ಲ. ದಿನಾ ಬೆಳಿಗ್ಗೆ ಹಾಗೆಯೇ, ಶಾಲೆ ಶುರುವಾಗುವ ತನಕ. ಬಲಗಾಲು ಹೊಟ್ಟೆಯ ಕೆಳಗೆ ಬಂದು ನಿಂತಿತು. ಎಡಗಾಲು ಬರಲಿಲ್ಲ. ಡಾಕ್ಟರ್ ನೋಡಿ, ಹತ್ತು ಹನ್ನೆರಡು ದಿನ ಮೊದಲು ಸರಿಯಾಗಿ ಕಟ್ಟಿದ್ದರೆ ಇದೂ ಬರುತ್ತಿತ್ತು, ಇನ್ನು ಎಲುಬು ಗಟ್ಟಿಯಾಯಿತು ಎಂದರು. ಒಂದು ಕಾಲಿನ ಹಕ್ಕಿಯನ್ನು ಯಾವ ಕಾಡಿಗೆ ಬಿಡುವುದು? ಉಳಿಯಿತು. ಅತ್ತೆ ಅದನ್ನು ‘ಕೂಸು’ ಎಂದೇ ಕರೆದರು, ನಾವೂ ಹಾಗೇ ಕರೆದೆವು. ಕೈಯಾರೆ ಉಣಿಸಿದ ನನ್ನನ್ನು ಬಿಟ್ಟು ಅದು ಉಳಿದೆಲ್ಲರ ಹೆಗಲ ಮೇಲೂ ಕೂರುತ್ತದೆ. ಅತ್ತೆ ಹೋಗಿ ಐದು ವರ್ಷವಾಯಿತು.

ಇವತ್ತು ಸಂಜೆ ಮೇಲಿನ ಮನೆಗೆ ಹೊಸದಾಗಿ ಬಂದ ಕಾರವಾರದ ದಂಪತಿ ಚಹಾಕ್ಕೆ ಬಂದಿದ್ದರು. ಆಕೆ ಪಂಜರದ ಹತ್ತಿರ ಹೋಗಿ, ಗಿಳಿ ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಹೊರಗೆ ಚಾಚಿ ಕೂತದ್ದನ್ನು ನೋಡಿ, ಪಾಪ, ಹುಟ್ಟಿದಾಗಿನಿಂದ ಹೀಗೇ ಏನು ಎಂದು ಕೇಳಿದರು. ಇವರು ಹೌದೆಂದರು. ಇಷ್ಟು ವರ್ಷ ಕೇಳಿದವರಿಗೆಲ್ಲ ಹಾಗೇ ಹೇಳಿದ್ದಾರೆ, ನಾನು ಒಂದು ಸಲವೂ ತಿದ್ದಿರಲಿಲ್ಲ.

“ಅಲ್ರೀ,” ಎಂದೆ. “ಎರಡೂ ಕಾಲು ಹಂಗ ಇದ್ದೂ. ಬಲಗಾಲು ನಮ್ಮತ್ತಿ ನೆಟ್ಟಗ ಮಾಡಿದ್ರು. ಎಡಗಾಲು ಹಂಗ ಉಳದದ್ದು ನನ್ನಿಂದ.” ಡಾಕ್ಟರ್ ಹೇಳಿದ್ದನ್ನು ಹನ್ನೊಂದು ದಿನ ಮುಚ್ಚಿಟ್ಟ ಕಥೆಯನ್ನೂ ಹೇಳಿದೆ.

ಇವರು ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದರು. ಇವರಿಗೆ ಅದು ಗೊತ್ತೇ ಇರಲಿಲ್ಲ. ಅತ್ತೆ ಸಾಯುವ ತನಕ ಮಗನಿಗೆ ಹೇಳಿರಲಿಲ್ಲ.