ರಾಹುಲ್ ಮಾಡಿದ ಕೊಕ್ಕೆ

ನನ್ನ ಗಂಡ ರಾಹುಲ್ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಮಾವ ಮೂಗಯ್ಯನವರು 'ಫ್ಯಾಕ್ಟ್ರೀಲಿ ಎಂಜಿನಿಯರು' ಎನ್ನುತ್ತಾರೆ. ಅತ್ತೆ ಪುಟ್ಟಲಿಂಗಮ್ಮ 'ಆಸ್ಪತ್ರೆ ಸಾಮಾನು ಮಾಡ್ತಾನೆ' ಎಂದು ಮಾತು ಮುಗಿಸುತ್ತಾರೆ. ನಾನು ಎದುರಿಗಿರುವವರ ಮುಖ ನೋಡಿಕೊಂಡು ಮೆಡಿಕಲ್ ಡಿಸೈನ್ ಎನ್ನುತ್ತೇನೆ. ರಾಹುಲ್ ಮಾತ್ರ ಮದುವೆಮನೆಯಲ್ಲಿ ಊಟಕ್ಕೆ ಕೂತಿದ್ದರೂ, ಎಲೆಗೆ ಪಾಯಸ ಬೀಳುತ್ತಿದ್ದರೂ, 'ಉಚ್ಚೆ ಹೋಗೋ ಪೈಪ್ ಮಾಡ್ತೀನಿ ಸಾರ್, ಕ್ಯಾತಿಟರ್' ಎಂದುಬಿಡುತ್ತಾನೆ. ಪಕ್ಕದವರು ಪಾಯಸವನ್ನು ಎಲೆಯಲ್ಲೇ ಬಿಟ್ಟು ಏಳುತ್ತಾರೆ.

ಎಷ್ಟು ಸಲ ಹೇಳಿದ್ದೇನೆ, ಕೇಳುವುದಿಲ್ಲ. 'ಹೃದಯದ ಪೈಪ್ ಮಾಡ್ತೀನಿ ಅಂದಿದ್ರೆ ಎಲ್ಲರೂ ಎದ್ದು ಕೈ ಕುಲುಕ್ತಿದ್ರು. ಇದೂ ಮನುಷ್ಯನ ಮೈಯೇ ತಾನೆ' ಎಂಬುದು ಅವನ ವಾದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಆ ಮಾತಿಗೆ ಎದುರಾಡಲು ನನಗೂ ಬರುವುದಿಲ್ಲ. ಆದರೂ ಊಟದ ಹೊತ್ತಲ್ಲಿ ಬೇಡ ಎನ್ನುತ್ತೇನೆ, ಅಷ್ಟೆ.

ನಮ್ಮ ಮನೆ ಅಶೋಕಪುರಂನಲ್ಲಿ. ಮಾವ ಅಲ್ಲೇ ಹತ್ತಿರದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರೂ ಅತ್ತೆಯೂ ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಮದುವೆಯಾದ ಹೊಸದರಲ್ಲಿ ಬಂದವರು. ಮನೆ ಕಟ್ಟಿದರು, ಮಗನನ್ನು ಪಾಲಿಮರ್ ಎಂಜಿನಿಯರಿಂಗ್ ಓದಿಸಿದರು, ನನ್ನನ್ನು ಸೊಸೆಯಾಗಿ ತಂದುಕೊಂಡರು. ಇಷ್ಟೆಲ್ಲ ಆದರೂ ಇಬ್ಬರೂ ಮಲಗುವುದು ಮಾತ್ರ ಹಾಲ್‌ನಲ್ಲಿ, ನೆಲದ ಮೇಲೆ, ಚಾಪೆಯ ಮೇಲೊಂದು ತೆಳು ಹಾಸಿಗೆ ಹಾಕಿಕೊಂಡು, ಅಕ್ಕಪಕ್ಕದಲ್ಲಿ.

ಕ್ಯಾತಿಟರ್ ಎಂದರೆ ಬೆರಳಿಗಿಂತ ಸಣ್ಣದೊಂದು ಮೆತ್ತನೆಯ ಕೊಳವೆ. ಮೂತ್ರ ಕಟ್ಟಿಕೊಂಡವರಿಗೆ ಅದನ್ನು ಮೂತ್ರಕೋಶದವರೆಗೆ ತೂರಿಸುತ್ತಾರೆ. ಒಳಗೆ ಹೋದ ಮೇಲೆ ಜಾರಿ ಬರದಂತೆ ತುದಿಯ ಹತ್ತಿರ ಒಂದು ಪುಟ್ಟ ಬಲೂನು ಉಬ್ಬುತ್ತದೆ. ಮೂತ್ರ ಒಳಬರಲು ತುದಿಯಲ್ಲಿ ಒಂದು ತೂತು, ಅದಕ್ಕೆ ಅವರು ಕಣ್ಣು ಎನ್ನುತ್ತಾರೆ. ಆ ಕಣ್ಣಿನ ಅಂಚು ಒರಟಾಗಿದ್ದರೆ ಒಳಗೆಲ್ಲ ಕೆರೆಯುತ್ತದೆ. ಮದುವೆಯಾದ ಹೊಸದರಲ್ಲಿ ರಾಹುಲ್ ಒಂದು ಇಡೀ ಬೇಸಿಗೆ ಆ ಅಂಚನ್ನು ನುಣುಪು ಮಾಡುವುದರಲ್ಲೇ ಕಳೆದ. ನನ್ನ ಸೀರೆಯ ಅಂಚನ್ನು ಅವನು ಅದರ ಕಾಲುಭಾಗ ಹೊತ್ತು ನೋಡಿದ್ದರೂ ಬಣ್ಣ ಯಾವುದೆಂದು ನೆನಪಿರುತ್ತಿತ್ತು.

ಆಮೇಲೆ ಕಂಪನಿಯವರು ಅವನಿಗೆ ಕೊಕ್ಕೆಯ ಕೆಲಸ ಕೊಟ್ಟರು. ಕೊಳವೆಯ ಹೊರತುದಿಗೆ ಮೂತ್ರ ತುಂಬುವ ಪ್ಲಾಸ್ಟಿಕ್ ಚೀಲ ಇರುತ್ತದಲ್ಲ, ಅದನ್ನು ಆಸ್ಪತ್ರೆಯ ಮಂಚದ ಅಡ್ಡಪಟ್ಟಿಗೆ ನೇತುಹಾಕುವ ಕೊಕ್ಕೆ. ಹಳೆಯದು ಮುರಿಯುತ್ತಿತ್ತಂತೆ. ಇವನು ಎಂಥ ಕೊಕ್ಕೆ ಮಾಡಿದನೆಂದರೆ ನನ್ನ ಉತ್ತರಪತ್ರಿಕೆಗಳ ಕಟ್ಟು ಹಾಕಿದರೂ ಬಾಗಲಿಲ್ಲ. ಎಲ್ಲ ಆಸ್ಪತ್ರೆಗಳಿಂದಲೂ ಮೆಚ್ಚುಗೆ ಬಂತು. ಉಳಿದ ಸ್ಯಾಂಪಲ್ಲುಗಳನ್ನು ಮನೆಗೆ ತಂದ. ಅತ್ತೆ ಅವನ್ನು ಬಿಡುತ್ತಾರೆಯೇ? ಈರುಳ್ಳಿ ಬುಟ್ಟಿಗೊಂದು, ಛತ್ರಿಗೊಂದು, ಮಾರ್ಕೆಟ್ ಚೀಲಕ್ಕೊಂದು ಕಟ್ಟಿ ಮನೆಯ ಮೊಳೆಗಳಿಗೆಲ್ಲ ನೇತುಹಾಕಿದರು. 'ನನ್ನ ಮಗ ಮಾಡಿರೋ ಕೊಕ್ಕೆ, ಆನೆ ಎಳುದ್ರೂ ಬರಕಿಲ್ಲ' ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಹೋದ ವರ್ಷ ಮಾವನಿಗೆ ಮೂತ್ರ ಕಟ್ಟಿಕೊಂಡಿತು. ಪ್ರಾಸ್ಟೇಟ್ ಗ್ರಂಥಿ ಊದಿತ್ತು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿ ಹೆಚ್ಚು ದಿನವಾಗಿರಲಿಲ್ಲ, ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸುವ ಹಾಗಿರಲಿಲ್ಲ. ಆಪರೇಷನ್ ಕೆಲವು ತಿಂಗಳು ತಡೆಯಲಿ, ಅಲ್ಲಿಯವರೆಗೆ ಕ್ಯಾತಿಟರ್ ಇರಲಿ ಎಂದರು ಡಾಕ್ಟರ್ ವಾಗೀಶ್. ಹಾಕಿದ್ದು ರಾಹುಲನ ಕಂಪನಿಯದೇ. ಮನೆಗೆ ಕಳಿಸುವಾಗ ನರ್ಸ್ ಎಲ್ಲ ವಿವರಿಸಲು ಬಂದರೆ ನಮ್ಮ ರಾಯರು 'ನನಗೆ ಗೊತ್ತು ಸಿಸ್ಟರ್, ಇದು ನಾನು ಮಾಡಿದ್ದೇ' ಎಂದರು. ಅವಳು ನಕ್ಕು ಹೊರಟುಹೋದಳು. ಪಕ್ಕದಲ್ಲಿ ಟವೆಲ್ಲು ಹಿಡಿದು ನಿಂತಿದ್ದ ಅತ್ತೆಯ ಕಿವಿಗೆ ಬಿದ್ದದ್ದು ಅಷ್ಟೇ ಮಾತು.

ಮಾವನನ್ನು ಹಾಲ್‌ನ ದಿವಾನದ ಮೇಲೆ ಮಲಗಿಸಿದೆವು. ಚೀಲವನ್ನು ರಾಹುಲ್ ದಿವಾನದ ಕೆಳಪಟ್ಟಿಗೆ ಸಿಕ್ಕಿಸಿದ. ಮಾವ ಮುಖ ಊದಿಸಿಕೊಂಡೇ ಇದ್ದರು. 'ಇದ್ರ ಮೇಲೆ ನಿದ್ದೆ ಎಲ್ಲಿ ಬತ್ತದೆ. ರೈಲಲ್ಲಿ ಮಲಗ್ದಂಗೆ ಆಯ್ತದೆ' ಎನ್ನುತ್ತಿದ್ದರು. ಅತ್ತೆ ಕೆಳಗೆ ಚಾಪೆಯ ಮೇಲಿಂದ 'ಸುಮ್ಕೆ ಮಲಕ್ಕಳಿ' ಎಂದು ಗದರುತ್ತಿದ್ದರು.

ಆ ವಾರವೇ ಕೊಳ್ಳೇಗಾಲದಲ್ಲಿ ನನ್ನ ತಮ್ಮನ ಮದುವೆ. ನಾವಿಬ್ಬರೂ ಹೋಗಲೇಬೇಕಿತ್ತು. ಫೋನ್ ಮಾಡಿದಾಗಲೆಲ್ಲ ಅತ್ತೆ 'ಎಲ್ಲಾ ಸರ್ಯಾಗದೆ, ನೀವು ಊಟ ಮಾಡಿ' ಎಂದರು. ಮದುವೆ ಮುಗಿಸಿಕೊಂಡು ಬಂದು ಬಾಗಿಲು ತೆಗೆದರೆ ಮಾವ ಚಾಪೆಯ ಮೇಲೆ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಾರೆ. ಹೊಟ್ಟೆ ಊದಿದೆ. ಅವರ ತಲೆಯ ಮೇಲೆ, ಹಿಂದೆ ವರ್ಕ್‌ಶಾಪಿನ ಯೂನಿಫಾರ್ಮ್ ನೇತುಹಾಕುತ್ತಿದ್ದ ಮೊಳೆಯಲ್ಲಿ, ರಾಹುಲನ ಕೊಕ್ಕೆಯಿಂದ ಚೀಲ ತೂಗುತ್ತಿದೆ.

ಆದದ್ದು ಇಷ್ಟು. ನಾವು ಹೊರಟ ಮೇಲೆ ಮಾವ ದಿವಾನದಿಂದ ಇಳಿದು ಅತ್ತೆಯ ಪಕ್ಕ ಚಾಪೆಗೆ ಬಂದರು. ಚೀಲ ನೆಲದಲ್ಲಿ ಬಿತ್ತು. ಕಸ ಗುಡಿಸುವ ನೆಲ, ಓಡಾಡುವವರ ಕಾಲು ತಾಕುವ ಜಾಗ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿಯನ್ನು ಮೇಲೆ ತಾನೇ ನೇತುಹಾಕುತ್ತಾರೆ? ಚೀಲಕ್ಕೆ ಮಗನ ಕೊಕ್ಕೆಯೂ ಇದೆ, ಗೋಡೆಯಲ್ಲಿ ಮೊಳೆಯೂ ಇದೆ. ಅತ್ತೆ ಭದ್ರವಾಗಿ ನೇತುಹಾಕಿದರು.

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಕೊಳವೆ ಬದಲಿಸಿ, ಔಷಧಿ ಶುರುಮಾಡಿ, ಡಾಕ್ಟರ್ ವಾಗೀಶ್ ಹೊರಗೆ ಬಂದರು.

'ಮನೇಲಿ ಬ್ಯಾಗ್ ಎಲ್ಲಿ ಹಾಕಿದ್ರಿ?'

ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ರಾಹುಲ್ 'ಗೋಡೆ ಮೊಳೆಗೆ ಸಾರ್. ನಾನೇ ಹಾಕಿದ್ದು' ಎಂದ.

'ನೀವು ಇದನ್ನೇ ತಯಾರು ಮಾಡೋರಲ್ವೇನ್ರೀ? ಮೂತ್ರಕೋಶಕ್ಕಿಂತ ಬ್ಯಾಗ್ ಮೇಲಿದ್ರೆ ಇಳಿಯೋದು ಹೇಗೆ? ಒಳಗೇ ನಿಂತು ಸೋಂಕಾಗಿದೆ. ಇನ್ನೂ ತಡ ಮಾಡಿದ್ರೆ ಕಿಡ್ನಿ ಹೋಗ್ತಿತ್ತು, ಪ್ರಾಣಕ್ಕೇ ಬರ್ತಿತ್ತು.'

ರಾಹುಲ್ ತಲೆ ತಗ್ಗಿಸಿ ನಿಂತ. ನನಗೆ ಮೈಯೆಲ್ಲ ಉರಿಯಿತು. ಊರಲ್ಲೇ ಇಲ್ಲದವನು ಬೈಸಿಕೊಳ್ಳುವುದೆಂದರೇನು? ಕಾರಿಡಾರಿನ ಕೊನೆಗೆ ಎಳೆದುಕೊಂಡು ಹೋಗಿ ಕೇಳಿದೆ.

'ಯಾಕೆ ಸುಳ್ಳು ಹೇಳ್ದೆ?'

'ಸುಳ್ಳೇನಿಲ್ಲ ಕಣೇ ಧರಣಿ. ಕೊಕ್ಕೆ ನಂದೇ ತಾನೆ? ಕೊಕ್ಕೆ ಕೊಟ್ರೆ ಜನ ಮೊಳೆ ಹುಡುಕ್ತಾರೆ. ಎಲ್ಲರೂ ಮಂಚದ ಮೇಲೇ ಮಲಗ್ತಾರೆ ಅಂದ್ಕೊಂಡು ಮಾಡ್ಬುಟ್ಟೆ. ನಮ್ಮಪ್ಪ ಅವ್ವನೇ ನೆಲದ ಮೇಲೆ ಮಲಗೋರು, ಅದೂ ನೆನಪಾಗ್ಲಿಲ್ಲ ನಂಗೆ.'

ಅವನ ಕಣ್ಣು ತುಂಬಿತ್ತು. ನಾನು ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಮಾವ ಚೇತರಿಸಿಕೊಂಡು ಮನೆಗೆ ಬಂದರು. ಆದರೆ ಅತ್ತೆ ಬದಲಾಗಿಬಿಟ್ಟಿದ್ದರು. ತಮ್ಮ ಚಾಪೆಯನ್ನು ಸುತ್ತಿಕೊಂಡು ಅಡುಗೆಮನೆಗೆ ಒಯ್ದರು. ಮಾವನಿಗೆ ಊಟ ಬಡಿಸುವರು, ಹತ್ತಿರ ಕೂರುವುದಿಲ್ಲ. ಚೀಲ ಖಾಲಿ ಮಾಡುವ ಹೊತ್ತಿಗೆ ಹಿತ್ತಿಲಿಗೆ ಹೋಗುವರು. ಮನೆಯ ಮೊಳೆಗಳಲ್ಲಿದ್ದ ಕೊಕ್ಕೆಗಳೆಲ್ಲ ಒಂದೊಂದಾಗಿ ಮಾಯವಾದವು, ಈರುಳ್ಳಿ ಬುಟ್ಟಿ ನೆಲಕ್ಕೆ ಬಂತು. ಮಾವ ದಿವಾನದ ಮೇಲಿಂದ 'ಮೇಯ್, ಇಲ್ಲಿ ಬಾ' ಎಂದು ಕರೆದರೆ 'ಕೆಲ್ಸ ಅದೆ' ಎನ್ನುವರು. ಸಂಜೆಯಾದರೆ ಇಬ್ಬರೂ ಕೂತು ಊರ ಸುದ್ದಿ ಎಲ್ಲ ಆಡುತ್ತಿದ್ದವರು. ಈಗ ಮಾವ ಟಿ.ವಿ. ಹಾಕಿಕೊಂಡು, ಅದನ್ನೂ ನೋಡದೆ, ಅಡುಗೆಮನೆಯ ಬಾಗಿಲನ್ನೇ ನೋಡುತ್ತಾರೆ. ಕಾಯಿಲೆಗಿಂತ ಅದು ಅವರನ್ನು ಹೆಚ್ಚು ಇಳಿಸಿತು. ಎರಡು ತುತ್ತು ಉಂಡು ತಟ್ಟೆ ತಳ್ಳುತ್ತಿದ್ದರು.

ರಾಹುಲ್ ನಮ್ಮೂರಿನ ಹೆಬ್ಬಾಳದ ಫ್ಯಾಕ್ಟರಿಗೆ ಹೋಗಿ ಹೊಸ ಚೀಲ ಮಾಡುತ್ತೇನೆ ಎಂದು ಕೂತ. ಅವನ ಮೇಲಿನವರು ವಿಶ್ವನಾಥ್ ಅಂತ. 'ಕೊಳ್ಳೋರು ಆಸ್ಪತ್ರೆಯವರು ಕಣ್ರೀ, ನಿಮ್ಮ ತಾಯಿ ಅಲ್ಲ. ಅವರು ಕೊಕ್ಕೆ ಕೇಳ್ತಾರೆ' ಎಂದರಂತೆ. ಇವನು ಜಗಳ ಮಾಡಲಿಲ್ಲ, ಸ್ಯಾಂಪಲ್ ಮಾತ್ರ ಮಾಡಿಕೊಳ್ಳಲು ಕೇಳಿಕೊಂಡ. ಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ತಾನೇ ಮಲಗಿ, ಮೂತ್ರಕೋಶದ ಲೆಕ್ಕಕ್ಕೆ ತೊಡೆಗೆ ನೀರು ತುಂಬಿದ ರಬ್ಬರ್ ಚೀಲ ಕಟ್ಟಿಕೊಂಡು ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದ. ಚಕ್ಕಂಬಕ್ಕಲ ಹಾಕಿ ಕೂರುತ್ತಿದ್ದ, ಕೊಳವೆ ಮಡಿಚಿಕೊಂಡರೆ ಗೊಣಗುತ್ತಿದ್ದ. ಒಂದು ಸಲ ಅದು ಒಡೆದು ನನ್ನ ಹೊಸ ಜಮಖಾನ ನೆನೆಯಿತು. ಆ ದಿನ ನಾನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ತಯಾರಾದ ಚೀಲ ಅಗಲವಾಗಿ, ಚಪ್ಪಟೆಯಾಗಿ, ದೋಸೆ ಕಾವಲಿಯಷ್ಟಿತ್ತು. ತುಂಬಿದರೂ ಹೆಚ್ಚು ಎತ್ತರಕ್ಕೆ ಏಳುವುದಿಲ್ಲ, ಹಾಸಿಗೆಗಿಂತ ಕೆಳಗೇ ಇರುತ್ತದೆ. ಒಳಗೆ ಹೋದದ್ದು ವಾಪಸು ಬರದಂತೆ ಬಾಯಲ್ಲಿ ತಡೆ. ಕೊಳವೆ ಮಡಿಚಿದರೂ ಮುಚ್ಚಿಕೊಳ್ಳದು. ಅದಕ್ಕೆ ಕೊಕ್ಕೆಯೇ ಇಲ್ಲ, ನೇತುಹಾಕೋಣವೆಂದರೆ ಒಂದು ತೂತೂ ಇಲ್ಲ. ಡಾಕ್ಟರಿಗೆ ತೋರಿಸಿ, ಅವರು ಆಗಬಹುದು ಎಂದ ಮೇಲೆ, ಒಂದು ಭಾನುವಾರ ಅಪ್ಪನನ್ನು ಚಾಪೆಯ ಮೇಲೆ ಕೂರಿಸಿ ಹಾಕಿದ.

'ಅವ್ವ, ಬಾ ಇಲ್ಲಿ, ನೋಡು' ಎಂದು ಕರೆದ.

ಅತ್ತೆ ಅಡುಗೆಮನೆಯ ಬಾಗಿಲಿನವರೆಗೆ ಬಂದು ನಿಂತರು. 'ನಂಗ್ಯಾಕೆ ಅದು. ನೀನೇ ನೋಡ್ಕೊ.'

'ಅವತ್ತಿನ ತಪ್ಪು ನಂದು ಅವ್ವ. ಕೊಕ್ಕೆ ಮಾಡಿದ್ದು ನಾನು.'

ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. 'ಅವಂದೇನಿಲ್ಲ ಬುಡು. ಮೊಳೆ ತೋರ್ಸಿದ್ದು ನಾನೇ.'

ಮಾವ ಆ ದಿನ ಮೊಳೆ ತೋರಿಸುವ ಸ್ಥಿತಿಯಲ್ಲಿರಲಿಲ್ಲ, ಚೀಲ ನೇತುಹಾಕುವಾಗ ಗೊರಕೆ ಹೊಡೆಯುತ್ತಿದ್ದರಂತೆ. ಅದು ಅತ್ತೆಗೂ ಗೊತ್ತು. ಅವರಿಗೆ ಪಿತ್ತ ನೆತ್ತಿಗೇರಿತು.

'ಇಬ್ರೂ ಬಾಯ್ ಮುಚ್ಕಳಿ. ನೇತಾಕಿದ್ದು ನಾನು. ಈ ಕೈಯಿ. ಡಾಕ್ಟ್ರು ಕೇಳ್ದಾಗ ಯೋಳಕೆ ಓದ್ರೆ ಇವನು ಬಾಯಿ ಆಕ್ದ. ಈಗ ನೀವು. ನಾನೇನು ಮಗೀನಾ? ತಪ್ಪು ಮಾಡಕ್ಕೂ ಯೋಗ್ಯತೆ ಇಲ್ವಾ ನಂಗೆ? ಆಸ್ಪತ್ರೇಲಿ ಆ ನರ್ಸಮ್ಮ ಯೋಳಕೆ ಬಂದ್ಲು. ನೀನು ನಂಗೊತ್ತು ಅಂತ ಕಳಿಸ್ಬುಟ್ಟೆ. ನಿಂಗೊತ್ತು ಕಣಪ್ಪ, ನೋಡ್ಕೊಳೋಳು ನಾನು. ನಂಗ್ಯಾರು ಯೋಳಿದ್ರು?'

ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅಲ್ಲೇ ಗೋಡೆಗೊರಗಿ ನಿಂತೆ. ಇಷ್ಟು ದಿನ ಅತ್ತೆ ತಪ್ಪಿಗಾಗಿ ನಾಚಿಕೊಂಡಿದ್ದಾರೆ ಎಂದುಕೊಂಡಿದ್ದೆವು. ನಾವು ಅದನ್ನು ಮುಚ್ಚಿಟ್ಟದ್ದಕ್ಕೇ ಅವರಿಗೆ ಹೆಚ್ಚು ನೋವಾಗಿತ್ತು.

'ಈಗ ಯೋಳು' ಎಂದರು ಅತ್ತೆ, ಸೆರಗು ಸಿಕ್ಕಿಸಿಕೊಂಡು ಕೂತು. 'ಯಾಕ್ ಇಳೀನಿಲ್ಲ ಅವತ್ತು?'

ರಾಹುಲ್ ಕೊಳವೆಯ ಒಂದು ತುಂಡು ತಂದ. ಎರಡು ಚೊಂಬು ಇಟ್ಟು, ಒಂದರಿಂದ ಇನ್ನೊಂದಕ್ಕೆ ನೀರು ಹರಿಸಿ ತೋರಿಸಿದ. ಎರಡನೆಯದನ್ನು ಮೇಲೆತ್ತಿದಾಗ ನೀರು ನಿಂತಿತು, ಇನ್ನೂ ಎತ್ತಿದಾಗ ಹಿಂದಕ್ಕೆ ಬಂತು. ಅತ್ತೆ ಚೊಂಬನ್ನು ಅವನ ಕೈಯಿಂದ ಕಿತ್ತುಕೊಂಡು ತಾವೇ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ನನ್ನ ಕ್ಲಾಸಿನಲ್ಲಿ ಯಾರೂ ಅಷ್ಟು ಗಮನ ಕೊಟ್ಟದ್ದನ್ನು ನಾನು ಕಂಡಿಲ್ಲ. ಅಂದಿನಿಂದ ಚೀಲದ ಕೆಲಸ ಪೂರ್ತಿ ಅವರದೇ ಆಯಿತು, ರಾಹುಲ್ ಮುಟ್ಟಲು ಹೋದರೆ ಕೈ ತಳ್ಳುತ್ತಿದ್ದರು.

ಆದರೆ ಅತ್ತೆಯ ಚಾಪೆ ಮಾತ್ರ ಅಡುಗೆಮನೆಯಲ್ಲೇ ಉಳಿಯಿತು. 'ನಿದ್ದೇಲಿ ಕೈಗಿಯ್ಯಿ ತಗುಲಿ ಇನ್ನೇನಾದ್ರೂ ಆದ್ರೆ? ಬ್ಯಾಡ' ಎನ್ನುತ್ತಿದ್ದರು. ಮಾವ ಮತ್ತೆ ನೆಲದ ಮೇಲೆ, ಪಕ್ಕದ ಖಾಲಿ ಜಾಗದಲ್ಲಿ ಟವೆಲ್ಲು ಇಟ್ಟುಕೊಂಡು ಮಲಗುತ್ತಿದ್ದರು.

ಹೋದ ತಿಂಗಳು, ಮಾವನ ಆಪರೇಷನ್ನಿಗೆ ಇನ್ನೂ ದಿನವಿರುವಾಗಲೇ, ಹಿಂದಿನ ಬೀದಿಯ ಪಾರ್ವತಮ್ಮ ಸಂಜೆ ಓಡಿಬಂದರು. ಅವರ ಯಜಮಾನರು ಮರಿಸ್ವಾಮಿಯವರಿಗೂ ಆಸ್ಪತ್ರೆಯಲ್ಲಿ ಪೈಪ್ ಹಾಕಿ ಕಳಿಸಿದ್ದರು. 'ರಾಹುಲಪ್ಪ, ವಸಿ ಬಂದು ನೋಡು, ನಂಗೆ ಭಯ ಆಯ್ತದೆ' ಎಂದರು. ರಾಹುಲ್ ಹೊಸ ಚೀಲ ತೆಗೆದುಕೊಂಡು ಎದ್ದ. ಅತ್ತೆ 'ನೀನಿರು, ನಾನು ಓಯ್ತೀನಿ' ಎಂದು ಚೀಲ ಇಸಿದುಕೊಂಡು ಚಪ್ಪಲಿ ಮೆಟ್ಟಿದರು. ಏನಾಗುತ್ತದೋ ನೋಡೋಣವೆಂದು ನಾವಿಬ್ಬರೂ ಹಿಂದೆ ಹೋದೆವು.

ಮರಿಸ್ವಾಮಿಯವರು ನೆಲದ ಮೇಲೆ ಮಲಗಿದ್ದರು. ಪಾರ್ವತಮ್ಮ ದೂರದಲ್ಲಿ, ಬಾಗಿಲ ಬಳಿ, ತಮ್ಮ ಚಾಪೆ ಹಾಕಿಕೊಂಡಿದ್ದರು. ಚೀಲ ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಅತ್ತೆ ಮೊದಲು ಅದನ್ನು ಇಳಿಸಿದರು. ಎರಡು ಚೊಂಬು ಕೇಳಿದರು. ಎಲ್ಲ ತೋರಿಸಿ ಮುಗಿಸಿದ ಮೇಲೆ ಪಾರ್ವತಮ್ಮನ ಕೈ ಹಿಡಿದುಕೊಂಡರು.

'ಪಾರ್ವತಿ, ನಾನೇ ಮೇಲಕ್ಕೆ ನೇತಾಕಿ ನನ್ ಗಂಡನ್ನ ಸಾಯಂಗೆ ಮಾಡಿದ್ದೆ. ತಿಳೀದೆ ಮಾಡ್ದೆ, ತಿಳ್ಕಂಡೆ. ಈಗ ನಿಂಗೂ ತಿಳೀತು. ಇನ್ನೇನೂ ಆಗಕಿಲ್ಲ, ಎದರ್ಕಬ್ಯಾಡ. ಆ ಚಾಪೆ ಎತ್ಕಂಡು ಬಂದು ಪಕ್ಕದಲ್ಲೇ ಆಸ್ಕೊ. ಒಬ್ರನ್ನೇ ಬುಟ್ರೆ ಅವ್ರಿಗೆ ಅನ್ನ ಸೇರಕಿಲ್ಲ.'

ಪಾರ್ವತಮ್ಮ 'ನೀನೂ ಪಕ್ಕದಲ್ಲೇ ಮಲಗ್ತೀಯಾ ಪುಟ್ಟಕ್ಕ?' ಎಂದು ಕೇಳಿದರು.

ಅತ್ತೆ ನನ್ನ ಕಡೆಗಾಗಲಿ ಮಗನ ಕಡೆಗಾಗಲಿ ನೋಡಲಿಲ್ಲ.

'ಊಂ ಕಣವ್ವ. ಇವತ್ತಿಂದ' ಎಂದರು.